ಗಡಿನಾಡ ನಾಗವಲ್ಲಿ: ಒಂದು ಮನೋ-ಭಾಷಿಕ-ಚಲಚ್ಚಿತ್ರಾತ್ಮಕ ಸಂಕಥನ

ಅಸ್ಮಿತೆಯೆಂಬುದು ಭಾವವಿಘಟನೆಯ ಅಂತರ್‌ಪಠ್ಯೀಯ ಅನುಸಂಧಾನ ಎಂಬುದು ವಿದ್ವತ್‌ಲೋಕಕ್ಕೆ ಗೊತ್ತಿರುವುದೇ. ತಮಿಳುನಾಡಿನ ಗಡಿಯೂರು ಹೊಸೂರಿನ ಬಸ್‌ಸ್ಟ್ಯಾಂಡಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಆ ಕೊರತೆ ನೀಗಿಸಲು ಈ ಪ್ರಬಂಧ.

ಅಮೆರಿಕದ ಮನೋವೈದ್ಯರು 1980ರಲ್ಲಿ ತಮ್ಮ ಕೈಪಿಡಿಯಲ್ಲಿ ಬಹುವ್ಯಕ್ತಿತ್ವಕ್ಕೆ ಪ್ರತ್ಯೇಕ ಜಾಗ ಕೊಟ್ಟರು. ಮೈಮೇಲೆ ಬರುವುದು ಕಾಯಿಲೆಯಾಯಿತು, ಕಾಯಿಲೆ ಸಿನಿಮಾ ಆಯಿತು. 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ನಲ್ಲಿ ನಾಯಕಿಯ ಮೈಮೇಲೆ ಬಂದ ನಾಗವಲ್ಲಿ ತಮಿಳಿನಲ್ಲಿ ಅಬ್ಬರಿಸಿದಳು. 2004ರ ಕನ್ನಡ ‘ಆಪ್ತಮಿತ್ರ’ದಲ್ಲಿ ತೆಲುಗು, 2005ರ ತಮಿಳು ‘ಚಂದ್ರಮುಖಿ’ಯಲ್ಲೂ ತೆಲುಗು, 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿ. ಪ್ರಮೇಯ ತಾನಾಗಿಯೇ ಸಿದ್ಧ: ಹುಚ್ಚು ಎಂದೂ ತನ್ನ ಮನೆಮಾತಾಡದು.

‘ಆಪ್ತಮಿತ್ರ’ ಬಂದ 2004ರಲ್ಲೇ ಧರ್ಮಪುರಿಯಿಂದ ಹೊಸೂರಿರುವ ಕೃಷ್ಣಗಿರಿ ಜಿಲ್ಲೆ ಬೇರ್ಪಟ್ಟಿತು. ಭೂಗೋಳಕ್ಕೂ ವ್ಯಕ್ತಿತ್ವ ಒಡೆಯುತ್ತದೆ ಎನ್ನಲು ಬೇರೆ ಪುರಾವೆ ಬೇಕೆ?

ಇನ್ನು ವರ್ಗೀಕರಣ. ಪ್ರಥಮ ವರ್ಗ, ಏಕಭಾಷಾ ಸ್ವಸ್ಥರು: ಹುಡುಕಾಟ ಜಾರಿಯಲ್ಲಿದೆ. ದ್ವಿತೀಯ ವರ್ಗ, ದ್ವಿಭಾಷಾ ಶಂಕಿತರು. ತೃತೀಯ ವರ್ಗ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳಾಡುವ ಉಲ್ಬಣಾವಸ್ಥೆಯವರು. ಚತುರ್ಥಕ್ಕೆ ಬರುವಷ್ಟರಲ್ಲಿ ಹೊಸೂರು ಸುತ್ತಲಿನ ತಳಿ, ಬಾಗಲೂರು, ಡೆಂಕಣಿಕೋಟೆಗಳನ್ನು ಇಡಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದುದರಿಂದ ವರ್ಗೀಕರಣವನ್ನು ಕೈಬಿಡಲಾಗಿದೆ.

ವೈದ್ಯರ ಕಥೆ ಇನ್ನೂ ಜಟಿಲ. ‘ಚಂದ್ರಮುಖಿ’ಯಲ್ಲಿ ಚಿಕಿತ್ಸೆ ಕೊಡುವ ರಜನಿಕಾಂತ್ ಮರಾಠಿ ಮನೆಯವರು, ಬೆಂಗಳೂರಲ್ಲಿ ಹುಟ್ಟಿದವರು, ತಮಿಳರ ಸೂಪರ್‌ಸ್ಟಾರ್, ಹಿರಿಯರ ಊರು ಇದೇ ಕೃಷ್ಣಗಿರಿ ಜಿಲ್ಲೆಯ ನಾಚಿಕುಪ್ಪಂ. ಪ್ರಮೇಯದ ಪ್ರಕಾರ ಮೊದಲು ಕೂಡಿಹಾಕಬೇಕಾದ್ದು ಡಾಕ್ಟರನ್ನೇ! ‘ಆಪ್ತಮಿತ್ರ’ದಲ್ಲಿ ತೆಲುಗಿನ ದೆವ್ವವಾಗಿ ಕುಣಿದ ಸೌಂದರ್ಯ ಕನ್ನಡದ ಹೆಣ್ಣುಮಗಳು, ತೆಲುಗರ ಮನೆಮಾತಾದ ನಟಿ. ಯಾರ ಮೈಮೇಲೆ ಯಾರು ಬಂದಿದ್ದರು?

ಮನೋವಿಜ್ಞಾನಿ ಪಾಲ್ ಎಕ್‌ಮನ್ ಮೂಲಭಾವಗಳು ಆರು ಎಂದರು. ನಾಟ್ಯಶಾಸ್ತ್ರದ ಭರತ ಎಂಟು ರಸ ಎಂದ. ಎರಡೂ ಪಟ್ಟಿಗೆ ಸೇರದ ಮುಖವೊಂದು ಹೊಸೂರು ಸೀಮೆಯ ಕನ್ನಡ ಶಾಲೆಯಲ್ಲಿದೆ: ತಮಿಳು ಪ್ರಶ್ನೆಪತ್ರಿಕೆ ಹಿಡಿದು ಕೂತ ಮಗುವಿನದು. ತಮಿಳುನಾಡಿನ 2006ರ ಕಾಯ್ದೆ ಒಂದನೇ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ಆ ಮಕ್ಕಳು 2016ರಲ್ಲಿ ಹತ್ತನೇ ಪರೀಕ್ಷೆಗೆ ಬಂದಾಗ, ಕಲಿಸಲು ಮೇಷ್ಟ್ರೇ ಇಲ್ಲವೆಂದು ದೂರಿ ಪೋಷಕರು ಹೈಕೋರ್ಟಿಗೆ ಹೋಗಿ ವಿನಾಯಿತಿ ಬೇಡಬೇಕಾಯಿತು. ಬೇಡಬೇಕೇ? ಮೂರು ಭಾಷೆ ಬಲ್ಲ ಮಗುವನ್ನು ಯಾವ ಭಾಷೆಯಲ್ಲೂ ಸರಿಯಾಗಿ ಓದಲಾರದಂತೆ ಮಾಡಿ, ಆಮೇಲೆ ಸೆಮಿನಾರಿನಲ್ಲಿ ಅದರ ‘ಅಸ್ಮಿತೆಯ ಬಿಕ್ಕಟ್ಟ’ನ್ನು ಚರ್ಚಿಸುವವರಿಗೆ ನಾಚಿಕೆಯಾಗಬೇಕು.

‘ಆಪ್ತಮಿತ್ರ’ದ ನಾಯಕಿ ಗಂಗಾ ಗುಣವಾಗುವುದು ತೆಲುಗಿನವಳು ಬಿಟ್ಟುಹೋದ ಮೇಲೆ. ಹೊಸೂರಿನಲ್ಲಿ ಯಾರನ್ನೂ ಬಿಡಿಸಬೇಕಿಲ್ಲ. ಬೀದಿ ತಮಿಳನ್ನು ಪುಕ್ಕಟೆ ಕಲಿಸುತ್ತದೆ. ಶಾಲೆಗೆ ಕನ್ನಡದ ಮೇಷ್ಟ್ರನ್ನು ಕೊಡಿ, ತಮಿಳಿನ ಮೇಷ್ಟ್ರನ್ನೂ ಕೊಡಿ.