ಉಪನಗರೋಪವಾಸ ಮೀಮಾಂಸೆ

ಮೊದಲು ಶಬ್ದವಿಚಾರ. ‘ಉಪ’ ಎಂದರೆ ಹತ್ತಿರ. ನಗರಕ್ಕೆ ಹತ್ತಿರವಿರುವುದು ಉಪನಗರ. ‘ಉಪವಾಸ’ಕ್ಕೂ ಮೂಲದಲ್ಲಿ ಹತ್ತಿರ ವಾಸಿಸುವುದು ಎಂದೇ ಅರ್ಥ, ದೇವರ ಹತ್ತಿರ ಕೂತವನಿಗೆ ಊಟದ ನೆನಪಾಗುವುದಿಲ್ಲ ಎಂದು ಹಿರಿಯರು ಸಮಜಾಯಿಷಿ ಕೊಟ್ಟರು. ಕಾಡುಗೋಡಿಯ ಆಚೆಗಿನ ನಮ್ಮ ಲೇಔಟಿನಿಂದ ಮೆಜೆಸ್ಟಿಕ್ಕಿಗೆ ಹೋಗಿ ಬರುವವನಿಗೆ ಈ ಎರಡು ಶಬ್ದಗಳ ನಂಟು ಭಾಷ್ಯವಿಲ್ಲದೆ ತಿಳಿಯುತ್ತದೆ. ಅವನು ಬರುವಷ್ಟರಲ್ಲಿ ಸಾರು ಆರಿರುತ್ತದೆ, ಮಕ್ಕಳು ಮಲಗಿರುತ್ತವೆ.

ಇನ್ನು ಇತಿಹಾಸ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಜನ ಇಲಿಗಳಿಗೆ ಹೆದರಿ ಬಸವನಗುಡಿ, ಮಲ್ಲೇಶ್ವರಗಳ ಕಡೆ ಹೊರಟರು. ನಮ್ಮ ವೈಟ್‌ಫೀಲ್ಡು ಅದಕ್ಕೂ ಹಳೆಯದು. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿಕೊಂಡಿರಲೆಂದು ಕಟ್ಟಿದ್ದು. ಈ ಸೀಮೆಗೆ ಬಂದ ಹೊಸಬರಲ್ಲಿ, ಬೆಳಗ್ಗೆ ಎದ್ದು ಬೇರೆಲ್ಲಿಗೂ ಹೋಗಬೇಕಿಲ್ಲದೆ ಬಂದವರು ಬಹುಶಃ ಆ ಬೇಸಾಯಗಾರರು ಮಾತ್ರ. ನಮ್ಮನ್ನು ಇಲಿಯೂ ಓಡಿಸಲಿಲ್ಲ, ಅರಸರೂ ಕರೆಯಲಿಲ್ಲ. ಒಬ್ಬ ಬ್ರೋಕರ್ ಕರೆದ. “ಐದೇ ನಿಮಿಷ ಸಾರ್” ಅಂದ. ಎಲ್ಲಿಂದ ಎಲ್ಲಿಗೆ ಎಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ಮೂಲಪ್ರಶ್ನೆಗೆ ಬರೋಣ: ಉಪನಗರವಾಸಿ ಸ್ವತಂತ್ರನೋ, ಪರತಂತ್ರನೋ? ಸಂವಿಧಾನದ 19(1)(ಡಿ) ವಿಧಿಯು ಭಾರತದಾದ್ಯಂತ ಅಬಾಧಿತವಾಗಿ ಸಂಚರಿಸುವ ಹಕ್ಕು ಕೊಡುತ್ತದೆ. ಅದರ ಬೆನ್ನಿಗೇ ಇರುವ 19(1)(ಇ) ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ಕೊಡುತ್ತದೆ. ಒಂದೇ ಓಣಿಯಲ್ಲಿ ಮನೆ ಮಾಡಿರುವ ಈ ದಾಯಾದಿಗಳಲ್ಲಿ ಒಬ್ಬ ಇನ್ನೊಬ್ಬನ ಅನ್ನ ಕಸಿಯುತ್ತಾನೆಂದು ಸಂವಿಧಾನ ಸಭೆಯ ಯಾರಿಗೂ ಹೊಳೆದಂತಿಲ್ಲ. (ಇ) ಚಲಾಯಿಸಿ ಮೂವತ್ತು-ನಲವತ್ತರ ಸೈಟು ಕೊಂಡ ಮರುದಿನವೇ (ಡಿ) ಕೈತಪ್ಪುತ್ತದೆ. 19(5)ರಲ್ಲಿ, ಸಾರ್ವಜನಿಕರ ಹಿತಕ್ಕಾಗಿ ಇವೆರಡರ ಮೇಲೂ ಸಮಂಜಸ ನಿರ್ಬಂಧ ಹೇರಬಹುದು ಎಂದಿದೆ. ನಮ್ಮ ದಾರಿಯಲ್ಲಿ ಗಾಡಿಗಳು ಕಟ್ಟಿಕೊಳ್ಳುವ ಟಿನ್ ಫ್ಯಾಕ್ಟರಿ ಜಂಕ್ಷನ್ನನ್ನು ಆ ಖಂಡದ ಕೆಳಗೆ ತರಬಹುದೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಮತವಿದೆ. ನಿರ್ಬಂಧ ಹೌದು, ಸಮಂಜಸ ಅಲ್ಲ ಎಂಬುದು ನನ್ನ ಮತ.

ವಾಹನದರ್ಶನಗಳು ಮೂರು. ಕಾರಿನವನು ದ್ವೈತಿ. ಅವನಿಗೆ ಪಂಚಭೇದ ಸತ್ಯ. ಮುಖ್ಯವಾಗಿ ಜಡಕ್ಕೂ ಜಡಕ್ಕೂ ಇರುವ ಭೇದ: ಅವನ ಬಂಪರು ಬೇರೆ, ಹಿಂದಿನವನ ಬಂಪರು ಬೇರೆ. ಈ ಭೇದ ಒಂದಿಂಚು ಅಳಿದರೂ ಇಬ್ಬರೂ ಕೆಳಗಿಳಿದು ರಸ್ತೆಯ ನಡುವೆಯೇ ವಾಕ್ಯಾರ್ಥಕ್ಕೆ ನಿಲ್ಲುತ್ತಾರೆ. ಸ್ಕೂಟರಿನವನು ವಿಶಿಷ್ಟಾದ್ವೈತಿ, ಹಿಂದಿನ ಸೀಟಿನವರೂ ಮುಂದೆ ನಿಂತ ಮಗುವೂ ಕಾಲ ಬಳಿಯ ಅಕ್ಕಿಚೀಲವೂ ಅವನ ಶರೀರದ ವಿಶೇಷಣಗಳು. ಬಸ್ಸಿನವನು ಅದ್ವೈತಿ. ಎಂಟೂವರೆಯ ಬಸ್ಸಿನಲ್ಲಿ ತನ್ನ ಕೈ ಯಾವುದು, ಪರರ ಕೈ ಯಾವುದು ಎಂಬ ಭ್ರಮೆ ಹೂಡಿ ಸ್ಟಾಪು ಬರುವುದರೊಳಗೇ ಕಳಚಿಬೀಳುತ್ತದೆ.

ನಾಲ್ಕನೆಯದೊಂದು ದರ್ಶನ 11 ಜೂನ್ 2023ರಂದು ಹುಟ್ಟಿತು. ಅಂದು ಶಕ್ತಿ ಯೋಜನೆ ಜಾರಿಯಾಗಿ ಹೆಂಗಸರ ಕೈಗೆ ಶೂನ್ಯ ಟಿಕೆಟ್ ಬಂತು. ಇದು ಶೂನ್ಯವಾದ. ನನ್ನ ಹೆಂಡತಿ ಈ ಪಂಥಕ್ಕೆ ಸೇರಿದವಳು. ಅವಳ ಕಥೆ ಕೊನೆಗೆ ಬರುತ್ತದೆ.

ವಾದಸಭೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಭಾನುವಾರ ಲೇಔಟಿನ ಗಣಪತಿ ಗುಡಿ ಕಟ್ಟೆಯ ಮೇಲೆ ಅಸೋಸಿಯೇಷನ್ ಸೇರುತ್ತದೆ. ಒಮ್ಮೆ ಕಾರೋ ಬಸ್ಸೋ ಎಂಬ ವಾದ ಎದ್ದಾಗ ಪೂರ್ವಪಕ್ಷ ಹೀಗಿತ್ತು: “ನನ್ ದುಡ್ಡು, ನನ್ ಕಾರು, ನನ್ ಇಷ್ಟ ಸಾರ್. ಎಂಟು ಗಂಟೆ ಅಂದ್ರೆ ಎಂಟಕ್ಕೆ ಹೊರಡ್ತೀನಿ. ಯಾರ ಹಂಗೂ ಇಲ್ಲ.” ಉತ್ತರಪಕ್ಷ: “ಹೊರಡೋದಕ್ಕೆ ಹಂಗಿಲ್ಲ ಸ್ವಾಮಿ. ತಲುಪೋದಕ್ಕೆ?” ಸಭೆ ಎರಡು ನಿಮಿಷ ಸ್ತಬ್ಧವಾಯಿತು. ಬಸ್ಸಿನ ಪರ ಹೀಗೆ ಮಾತಾಡಿದವರು ನಿವೃತ್ತರು, ಎಲ್ಲಿಗೂ ಹೋಗುವವರಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ಸಿದ್ಧಾಂತ ಕೆಡದೆ ಉಳಿಯಲು ಇದಕ್ಕಿಂತ ಒಳ್ಳೆಯ ಸ್ಥಿತಿಯಿಲ್ಲ. ಕೊನೆಗೆ ಮುಖ್ಯರಸ್ತೆಗೆ ಇನ್ನೊಂದು ಹಂಪ್ ಹಾಕಿಸಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಮೆಟ್ರೋ ಇಲ್ಲವೇ ಎಂದು ಕೇಳುವಿರಿ. ಇದೆ. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದ ತನಕ 43 ಕಿಲೋಮೀಟರು ನೇರಳೆ ಮಾರ್ಗ ತಡೆಯಿಲ್ಲದೆ ಓಡುತ್ತಿದೆ. ತೊಂದರೆ ಈ 43ರದಲ್ಲ, ಮನೆಯಿಂದ ಸ್ಟೇಷನ್ನಿಗಿರುವ ಎರಡೂವರೆಯದು. ಆಟೋದವರು ಆ ಕಡೆ ಬರುವುದಿಲ್ಲ, ಬಂದರೆ ‘ಡಬಲ್’. ಆದ್ದರಿಂದ ಕಾರು ತೆಗೆಯುತ್ತೇವೆ. ಸ್ಟೇಷನ್ ಬಳಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಆಗ ಒಳಗಿನಿಂದ ಒಂದು ಧ್ವನಿ ಕೇಳುತ್ತದೆ: ಹೇಗೂ ಗಾಡಿ ತೆಗೆದಿದ್ದಾಯ್ತಲ್ಲ. ಕಾಕತಾಳೀಯ, ಸ್ಥಾಲೀಪುಲಾಕಗಳ ಸಾಲಿಗೆ ನಾನು ಸೇರಿಸಬಯಸುವ ‘ಹೇಗೂ ನ್ಯಾಯ’ ಇದೇ. ಈ ಊರಿನ ವಾಹನಸಂಖ್ಯೆ ಒಂದು ಕೋಟಿ ದಾಟಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಸಿಕ್ಕಿಲ್ಲ.

ಉಪನಗರ ರೈಲಿನ ವಿಷಯ ಪುರಾಣಕ್ಕೆ ಸೇರಿದ್ದು. 2020ರಲ್ಲಿ ಮಂಜೂರಾಗಿ 2022ರಲ್ಲಿ ಶಂಕುಸ್ಥಾಪನೆಯಾದ 148 ಕಿಲೋಮೀಟರಿನ ಈ ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಬರಬೇಕಾದದ್ದು ಪಾರಿಜಾತ. ಹೆಸರಿಟ್ಟವರು ಕಥೆ ಬಲ್ಲವರೇ ಇರಬೇಕು. ಕೃಷ್ಣ ಆ ಗಿಡವನ್ನು ನೆಟ್ಟದ್ದು ಸತ್ಯಭಾಮೆಯ ಅಂಗಳದಲ್ಲಿ, ಹೂವು ಉದುರಿದ್ದು ರುಕ್ಮಿಣಿಯ ಅಂಗಳದಲ್ಲಿ. ಇಲ್ಲೂ ಗಿಡ ಸರ್ಕಾರದ ಕಡತದಲ್ಲಿದೆ. ಹೂವು ಆಗಲೇ ಬ್ರೋಕರ್ ಅಂಗಳದಲ್ಲಿ ರಾಶಿ ಬಿದ್ದಿದೆ.

ಟಾಮ್‌ಟಾಮ್ ಲೆಕ್ಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರಿಗೆ ಹಿಡಿದ ಸರಾಸರಿ ಕಾಲ 34 ನಿಮಿಷ 10 ಸೆಕೆಂಡು. ಮೂವತ್ತನಾಲ್ಕು ನಿಮಿಷ ಅರ್ಥವಾಗುತ್ತದೆ. ಆ ಹತ್ತು ಸೆಕೆಂಡು ಯಾತಕ್ಕೆ? ಬಹಳ ದಿನ ಗಮನಿಸಿ ಕಂಡುಕೊಂಡೆ: ಮನೆಗೆ ಫೋನ್ ಮಾಡಿ “ಬಂದೆ” ಎನ್ನುವುದಕ್ಕೆ. ರೂಪದಲ್ಲಿ ಇದು ಭೂತಕಾಲ. ಅರ್ಥದಲ್ಲಿ ಭವಿಷ್ಯತ್ತು, ಅದೂ ದೂರದ್ದು. “ಇಲ್ಲೇ ಇದ್ದೀನಿ, ಬಂದ್ಬಿಟ್ಟೆ” ಅಂದರೆ ಇನ್ನೂ ಕೆ.ಆರ್. ಪುರದ ತೂಗುಸೇತುವೆ ದಾಟಿಲ್ಲ ಎಂದು ತಿಳಿಯಬೇಕು. ಕೇಶಿರಾಜ ಒಂದು ವಾರ ನಮ್ಮ ಲೇಔಟಿನಲ್ಲಿ ಬಾಡಿಗೆಗಿದ್ದಿದ್ದರೆ ಶಬ್ದಮಣಿದರ್ಪಣದ ಆಖ್ಯಾತಪ್ರಕರಣವನ್ನು ಮತ್ತೆ ಬರೆಯಬೇಕಾಗುತ್ತಿತ್ತು.

ಈ ಪ್ರಬಂಧದ ಬಹುಭಾಗವನ್ನು ನಾನು ರಚಿಸಿದ್ದು ಹೋಪ್ ಫಾರ್ಮ್ ಸರ್ಕಲ್ಲಿನ ಹತ್ತಿರ, ಎಂಜಿನ್ ಆಫ್ ಮಾಡಿಕೊಂಡು. ಸ್ವಾತಂತ್ರ್ಯದ ಲಕ್ಷಣ ಏನೆಂದು ಬರೆಯಹೊರಟಿದ್ದೆ. ಯಾರೋ ಕಿಟಕಿಯ ಗಾಜು ತಟ್ಟಿದರು. ಹೆಂಡತಿ. ತಂಗಿಯ ಮನೆಗೆ ಹೋಗಿದ್ದವಳು. ಹಿಂದೆಲ್ಲೋ ನಿಂತುಹೋಗಿದ್ದ 335ಇ ಬಸ್ಸಿನಿಂದ ಇಳಿದು, ಸೆರಗು ಸಿಕ್ಕಿಸಿ, ಗಾಡಿಗಳ ಸಂದಿಯಲ್ಲಿ ನಡೆದು ಬಂದಿದ್ದಳು.

“ಹತ್ತಿಕೋ” ಅಂದೆ.

“ಯಾಕೆ? ಹಾಲು ತಗೊಂಡು ಹೋಗಿ ಕುಕ್ಕರ್ ಇಡ್ತೀನಿ. ನೀವು ನಿಧಾನಕ್ಕೆ ಬನ್ನಿ.”

ಮುಂದಿನ ಲಾರಿಯ ಪಕ್ಕದಲ್ಲಿ ತೂರಿ ಮರೆಯಾದಳು. ನಾನು ಗಾಜು ಇಳಿಸಿ ಕೂಗಿದೆ:

“ಬಂದೆ.”