ಮುದಗಲ್ ಮೋಡದ ಜೊತೆ ಮುಕ್ಕಾಲು ತಾಸು

ಸಂದರ್ಶನಕ್ಕೆ ಸಮಯ ಗೊತ್ತು ಮಾಡುವುದೇ ತಲೆನೋವಾಯಿತು. ಮಂತ್ರಿಗಳು ಎರಡು ತಾಸು ತಡವಾದರೂ ಬಂದೇ ಬರುತ್ತಾರೆ. ಭರಣಿ ಮಳೆಯ ಗುಡುಗು ಮೋಡ ಹಾಗಲ್ಲ, ಹುಟ್ಟಿ ಬೆಳೆದು ಕರಗುವುದೆಲ್ಲ ಅರ್ಧ ತಾಸಿನಿಂದ ಒಂದು ತಾಸಿನೊಳಗೆ. ಪತ್ರಿಕೆಯ ಪ್ರತಿನಿಧಿ ಬೆಳಗ್ಗೆಯಿಂದ ಮುದಗಲ್ ಕೋಟೆಯ ಕಂದಕದ ದಂಡೆಯಲ್ಲಿ ಬಿಸಿಲಿಗೆ ಛತ್ರಿ ಹಿಡಿದು ಕೂತಿದ್ದರು. ಮೂರರ ಸುಮಾರಿಗೆ ಬುರುಜಿನ ಹಿಂದೆ ಹೂಕೋಸಿನಂಥ ಬಿಳಿ ಮುದ್ದೆಯೊಂದು ಎದ್ದಿತು. ಇಪ್ಪತ್ತು ನಿಮಿಷದಲ್ಲಿ ಬುಡ ಕಪ್ಪಾಯಿತು, ತಲೆ ಹನ್ನೆರಡು ಕಿಲೋಮೀಟರ್ ಮೇಲೇರಿ ಚಪ್ಪಟೆಯಾಗಿ ಹರಡಿತು. ಕ್ಯುಮುಲೋನಿಂಬಸ್ ಎಂಬ ಉದ್ದದ ಹೆಸರಿನ ಈ ಜಾತಿಯನ್ನು ಪೈಲಟ್‌ಗಳು ‘ಸಿಬಿ’ ಎಂದು ಕರೆದು ದೂರವಿಡುತ್ತಾರೆ.

‘ಲಗೂನ ಕೇಳು ತಮ್ಮಾ, ನನಗ ಟೈಮಿಲ್ಲ’ ಎಂದಿತು ಮೋಡ. ವಯಸ್ಸು ಇಪ್ಪತ್ತು ನಿಮಿಷ, ಮಾತು ಮಾತ್ರ ಊರ ಹಿರಿಯರದು.

ಪ್ರತಿನಿಧಿ ಚೀಲದಿಂದ ಕಾಗದದ ಕಟ್ಟೊಂದನ್ನು ತೆಗೆದರು. ವಿಮಾನ ಏರುವ ಮುನ್ನ ಪೈಲಟ್ ಕೈಗೆ ಬರುವ ಹವಾಮಾನದ ಕಡತದ ಮಾದರಿ ಅದು. ಈಗ ಹೆಚ್ಚಾಗಿ ಟ್ಯಾಬ್‌ನಲ್ಲೇ ಓದುತ್ತಾರೆ. ಕಡತ ಹೈದರಾಬಾದಿನಿಂದ ಹುಬ್ಬಳ್ಳಿಗೆ ಹೋಗುವ ಹಾರಾಟದ್ದು; ಆ ಎರಡು ಊರುಗಳ ನಡುವೆ ನೆಟ್ಟಗೆ ಗೆರೆ ಎಳೆದರೆ ಅದು ಮುದಗಲ್‌ಗೆ ತೀರ ಹತ್ತಿರದಲ್ಲೇ ಹಾಯುತ್ತದೆ. ‘ಇದರಲ್ಲಿ ತಮ್ಮ ಹೆಸರು ಎಲ್ಲೂ ಕಾಣಲಿಲ್ಲವಲ್ಲ?’

‘ಅದನ್ನ ನಾನs ಕೇಳಬೇಕಿತ್ತು. ಮೊದಲನೇ ಹಾಳಿ ಓದು.’

ಮೊದಲ ಹಾಳೆಯಲ್ಲಿ ಎರಡೂ ನಿಲ್ದಾಣಗಳ ‘ಮೆಟಾರ್’ ಇತ್ತು. ಅರ್ಧ ತಾಸಿಗೋ ತಾಸಿಗೋ ಒಮ್ಮೆ ಬರುವ ವರದಿ ಇದು. ‘27008ಕೆಟಿ 8000’ ಎಂದರೆ ಗಾಳಿ ಪಡುವಣದಿಂದ ಎಂಟು ನಾಟ್ ವೇಗದಲ್ಲಿ ಬೀಸುತ್ತಿದೆ, ಎಂಟು ಸಾವಿರ ಮೀಟರ್‌ವರೆಗೆ ಕಣ್ಣು ಹಾಯುತ್ತದೆ. ಕೊನೆಯಲ್ಲಿ ‘ನೋಸಿಗ್’ ಎಂದಿದ್ದರೆ ಮುಂದಿನ ಎರಡು ತಾಸು ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ ಎಂದರ್ಥ. ಅದರ ಕೆಳಗೆ ‘ಟಾಫ್’, ಅಂದರೆ ಮುನ್ಸೂಚನೆ. ಅದು ಹೇಳುವುದು ನಿಲ್ದಾಣದ ಸುತ್ತ ಎಂಟು ಕಿಲೋಮೀಟರ್‌ನ ಸಂಗತಿ.

‘ತಿಳೀತಲ್ಲ?’ ಮೋಡ ಒಮ್ಮೆ ಗುಡುಗಿತು. ‘ಹತ್ತೂ ಜಾಗಕ್ಕ ಎಂಟು ಕಿಲೋಮೀಟರ್, ಇಳಿಯೂ ಜಾಗಕ್ಕ ಎಂಟು ಕಿಲೋಮೀಟರ್. ನಡುವಿನ ನಾಕುನೂರು ಕಿಲೋಮೀಟರ್ ಯಾರ ಹೊಲಾ? ನಾ ಇರೋದು ಆ ನಡುವಿನಾಗ.’

ನಡುವಿನ ಆಕಾಶಕ್ಕೂ ನಕ್ಷೆ ಇದೆಯಲ್ಲ ಎಂದು ಪ್ರತಿನಿಧಿ ಮೂರನೇ ಹಾಳೆ ಬಿಚ್ಚಿದರು. ಎತ್ತರದ ಹಾರಾಟಕ್ಕೆ ಬೇಕಾದ ಅಪಾಯಕಾರಿ ಹವೆಯ ನಕ್ಷೆಯನ್ನು ಇಡೀ ಜಗತ್ತಿಗೆ ಮಾಡಿಕೊಡುವುದು ಎರಡೇ ಕೇಂದ್ರಗಳು: ಲಂಡನ್ ಮತ್ತು ವಾಷಿಂಗ್ಟನ್. ಬಹಳ ತಾಸು ಮುಂಚೆಯೇ ಬರೆದಿಟ್ಟ ಆ ನಕ್ಷೆಯಲ್ಲಿ ಅರ್ಧ ದಖ್ಖನ್ನನ್ನು ಒಂದೇ ಅಲೆಗೆರೆಯೊಳಗೆ ಸುತ್ತಿಬಿಡಬಹುದು. ಅಲ್ಲೊಂದು ಇಲ್ಲೊಂದು ಒಂಟಿಯಾಗಿ ಎದ್ದ ಮೋಡ ಅದರಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ.

‘ಲಂಡನ್ನಿನವರಿಗೆ ಮುದಗಲ್ ಮೊಹರಂ ಗೊತ್ತಿರಬಹುದು, ಮುದಗಲ್ ಮೋಡ ಗೊತ್ತಿಲ್ಲ. ಅವರು ಬರದಿದ್ದು ಸುಳ್ಳಲ್ಲ ಬಿಡು. ಆದರ ಅವರು ಗೆರಿ ಎಳದಾಗ ನಾ ಹುಟ್ಟೇ ಇದ್ದಿಲ್ಲ.’

ಹೈದರಾಬಾದಿನಲ್ಲಿ ಹವಾಮಾನ ಇಲಾಖೆಯ ಡಾಪ್ಲರ್ ರೇಡಾರ್ ಇದೆ, ಅದಾದರೂ ನೋಡುತ್ತದಲ್ಲ? ಮೋಡ ನಕ್ಕಿತು. ಕೋಟೆಗೋಡೆಯ ಮೇಲೆ ನಾಲ್ಕು ದಪ್ಪ ಹನಿ ಬಿದ್ದವು. ಅಲ್ಲಿಂದ ಮುದಗಲ್‌ಗೆ ನೇರ ಗೆರೆಯಲ್ಲೇ ಇನ್ನೂರೈವತ್ತು ಕಿಲೋಮೀಟರ್ ಮೇಲೆ. ಭೂಮಿ ಬಾಗಿರುವುದರಿಂದ ಇಷ್ಟು ದೂರ ಬರುವ ಹೊತ್ತಿಗೆ ರೇಡಾರ್ ಕಿರಣ ನೆಲದಿಂದ ಆರು ಕಿಲೋಮೀಟರ್‌ನಷ್ಟು ಮೇಲೆ ಹೋಗಿರುತ್ತದೆ. ‘ನನ್ನ ಸೊಂಟದ ಮ್ಯಾಲಿಂದು ಅದಕ್ಕ ಕಾಣ್ತೈತಿ. ಹುಬ್ಬಳ್ಳಿ ಕಡಿ ಹೋಗೂ ರೆಕ್ಕಿಪಂಖದ ಸಣ್ಣ ವಿಮಾನ ಹಾಯೋದು ಐದು ಕಿಲೋಮೀಟರ್ ಎತ್ತರದಾಗ, ಅಂದ್ರ ನನ್ನ ಹೊಟ್ಟಿ ಮಟ್ಟಕ್ಕ. ಈಗ ನೀನs ಲೆಕ್ಕಾ ಹಾಕು.’

ಈ ಸಂದರ್ಶನದಲ್ಲಿ ಪ್ರತಿನಿಧಿಗೆ ಹೆಚ್ಚು ಕಸಿವಿಸಿಯಾದದ್ದು ಬೇರೆ ವಿಷಯಕ್ಕೆ. ಇದೇ ಮೋಡ ಸುರಿಸುವ ಮಳೆಯನ್ನು ನೆಲದ ಮೇಲೆ ಅಳೆಯುವ ವ್ಯವಸ್ಥೆ ಕರ್ನಾಟಕದಲ್ಲಿ ಚೆನ್ನಾಗಿಯೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ನಿಲ್ಲಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ‘ವರುಣ ಮಿತ್ರ’ಕ್ಕೆ ಫೋನ್ ಮಾಡಿದರೆ ತೊಗರಿ ಬೆಳೆಯುವ ರೈತನಿಗೂ ಮಳೆಯ ಸುದ್ದಿ ಸಿಗುತ್ತದೆ. ಸಿಡಿಲಿನ ಎಚ್ಚರಿಕೆಗೆ ಮೊಬೈಲ್ ಆಪ್ ಇದೆ. ಕೆಳಗೆ ಕುರಿ ಕಾಯುವವನ ಜೇಬಿನಲ್ಲಿರುವ ಸುದ್ದಿಗಿಂತ ಮೇಲೆ ಎಪ್ಪತ್ತು ಜನರನ್ನು ಕೂರಿಸಿಕೊಂಡವನ ಕಡತದ ಸುದ್ದಿ ಹಳತಾಗಿರಬೇಕೇ?

‘ಪೈಲಟ್ ಹತ್ರಾನೂ ರೇಡಾರ್ ಇರ್ತೈತಲ್ಲ, ಮೂಗಿನಾಗ’ ಎಂದು ಮೋಡವೇ ಎದುರು ಪಕ್ಷದ ವಕಾಲತ್ತು ವಹಿಸಿತು. ಇರುತ್ತದೆ, ಕಷ್ಟಕಾಲದಲ್ಲಿ ಕೈಹಿಡಿಯುವುದೂ ಅದೇ. ಆದರೆ ದಟ್ಟ ಮಳೆ ಅದರ ಅಲೆಗಳನ್ನು ನುಂಗಿಬಿಡುತ್ತದೆ. ಮುಂದಿನ ಮೋಡದ ಬೆನ್ನಿಗೆ ನಿಂತ ಇನ್ನೊಂದು ಮೋಡ ಪರದೆಯಲ್ಲಿ ಖಾಲಿ ಜಾಗದಂತೆ ಕಂಡೀತು.

1977ರ ಏಪ್ರಿಲ್ 4ರಂದು ಅಮೆರಿಕದಲ್ಲಿ ಆದದ್ದು ಇದೇ. ಹಂಟ್ಸ್‌ವಿಲ್‌ನಿಂದ ಅಟ್ಲಾಂಟಾಗೆ ಹೊರಟ ಸದರ್ನ್ ಏರ್‌ವೇಸ್‌ನ ಡಿಸಿ-9 ವಿಮಾನದ ಪೈಲಟ್‌ಗಳು ಸ್ವಲ್ಪ ಮುಂಚೆ ಅದೇ ದಾರಿಯಲ್ಲಿ ಬಂದಿದ್ದರು, ಆಗ ಇಷ್ಟು ಕೆಟ್ಟಿರಲಿಲ್ಲ. ನಡುವಿನ ಹೊತ್ತಿನಲ್ಲಿ ಬಿರುಗಾಳಿ ಬಲಿತಿತ್ತು. ಪರದೆಯಲ್ಲಿ ದಾರಿ ಇದೆ ಎಂದು ಕಂಡ ಕಡೆ ನುಗ್ಗಿದರು. ಮಳೆ, ಆಲಿಕಲ್ಲು ನುಂಗಿ ಎರಡೂ ಇಂಜಿನ್ ಸತ್ತವು. ನ್ಯೂ ಹೋಪ್ ಎಂಬ ಊರಿನ ಹೆದ್ದಾರಿಯ ಮೇಲೆ ಇಳಿಸಲು ಹೋಗಿ, ನೆಲದ ಮೇಲಿದ್ದ ಒಂಬತ್ತು ಮಂದಿ ಸೇರಿ 72 ಜನ ಸತ್ತರು. ತನಿಖೆ ನಡೆಸಿದವರು ಕ್ಯಾಪ್ಟನ್ ರೇಡಾರನ್ನು ನೆಚ್ಚಿದ್ದನ್ನು ಆಕ್ಷೇಪಿಸಿದರು. ಬಿರುಗಾಳಿಯ ತಾಜಾ ಮಾಹಿತಿ ಮುಟ್ಟಿಸದ ಕಂಪನಿಯ ವ್ಯವಸ್ಥೆಯನ್ನೂ ಬಿಡಲಿಲ್ಲ.

ಮೋಡ ಸ್ವಲ್ಪ ಹೊತ್ತು ಮಿಂಚಲಿಲ್ಲ. ‘ಅದು ನಮ್ಮ ಕುಲದ ಮ್ಯಾಲಿನ ಕಳಂಕ’ ಎಂದಿತು.

ಇಲ್ಲಿಯ ಲೆಕ್ಕವೂ ಪೂರ್ತಿ ಶುದ್ಧವಲ್ಲ. 2015ರ ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದ ಸ್ಪೈಸ್‌ಜೆಟ್ ವಿಮಾನ ಜೋರು ಮಳೆಯಲ್ಲಿ ರನ್‌ವೇ ಬಿಟ್ಟು ಜಾರಿ ಕಾಲು ಮುರಿದುಕೊಂಡಿತು, ಯಾರಿಗೂ ಪೆಟ್ಟಾಗಲಿಲ್ಲ. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ಇಂಡಿಗೋ ವಿಮಾನ ಪಠಾಣ್‌ಕೋಟ್ ಬಳಿ ಆಲಿಕಲ್ಲಿಗೆ ಸಿಕ್ಕಿಬಿತ್ತು. ಒಳಗೆ ಇನ್ನೂರಕ್ಕೂ ಹೆಚ್ಚು ಜನ. ಪಕ್ಕಕ್ಕೆ ತಿರುಗಲು ಪಾಕಿಸ್ತಾನದ ಆಕಾಶ ಕೇಳಿದರೆ ಲಾಹೋರ್ ಒಪ್ಪಲಿಲ್ಲ. ಒಂದು ಹಂತದಲ್ಲಿ ನಿಮಿಷಕ್ಕೆ 8,500 ಅಡಿಯಂತೆ ಕುಸಿದ ವಿಮಾನ ಮೂಗು ಒಡೆದುಕೊಂಡೇ ಶ್ರೀನಗರ ಸೇರಿತು.

‘ಹಳೇ ಕಾಲದಾಗ ಹ್ಯಾಂಗಿತ್ತು?’ ಪ್ರತಿನಿಧಿಯ ನಾಲಿಗೆಯೂ ಅಷ್ಟರಲ್ಲಿ ಸ್ಥಳೀಯವಾಗಿತ್ತು.

‘ಆವಾಗ ಸುಳ್ಳು ಭರವಸಾ ಇದ್ದಿಲ್ಲ.’ 1932ರ ಅಕ್ಟೋಬರ್‌ನಲ್ಲಿ ಟಾಟಾ ಅವರ ಟಪಾಲು ವಿಮಾನ ಶುರುವಾದಾಗ ಕರಾಚಿಯಿಂದ ಮುಂಬೈವರೆಗೆ ಜೆ.ಆರ್.ಡಿ. ಹಾರಿಸಿದರು. ಅಲ್ಲಿಂದ ಬಳ್ಳಾರಿಯಲ್ಲಿ ರಾತ್ರಿ ತಂಗಿ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಒಂದೇ ಇಂಜಿನ್ನಿನ ಪುಸ್ ಮಾತ್, ರೇಡಿಯೊ ಇಲ್ಲ. ‘ನಮ್ಮ ಹಿರೀಕರನ್ನ ಕಂಡ್ರ ಸುತ್ತ ಹಾಕಿಕೊಂಡು ಹೋಗ್ತಿದ್ರಂತ. ಕಾಗದ ಇಲ್ಲದವ ಆಕಾಶ ನೋಡ್ತಾನ. ಕಾಗದದಾಗ ನೋಸಿಗ್ ಇದ್ರ ಡ್ಯೂಟಿ ತಾಸು ಮುಗಿಯೂದನ್ನ ನೋಡ್ತಾನ.’

ಪೈಲಟ್‌ಗಳ ಬಗ್ಗೆ ಈ ಮಾತು ತುಸು ಬಿರುಸಾಯಿತು ಎಂದು ಪ್ರತಿನಿಧಿಗೆ ಅನಿಸಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಟಾಣಿ ಗಾತ್ರದ ಆಲಿಕಲ್ಲು ಶುರುವಾಯಿತು. ಚಹಾದಂಗಡಿಯ ತಗಡಿನ ಕೆಳಗೆ ಓಡಿದರು. ಒಂದು ಕಲ್ಲು ನೋಟ್‌ಬುಕ್ಕಿನ ಮೇಲೆ ಬಿದ್ದು ‘ಟಾಫ್’ ಎಂದು ಬರೆದಿದ್ದ ಸಾಲಿನ ಮೇಲೆಯೇ ಕರಗತೊಡಗಿತು.

ಹುಬ್ಬಳ್ಳಿ ದಿಕ್ಕಿನ ವಿಮಾನವೊಂದರ ಸದ್ದು ದೂರದಲ್ಲಿ ಬಡಗಣಕ್ಕೆ ಹೊರಳಿತು. ಮುಂದೆ ಹೋದವನು ರೇಡಿಯೊದಲ್ಲಿ ಹೇಳಿರಬೇಕು. ಹಿಂದಿನವನಿಗೆ ಮುಂದಿನವನು ಕೊಡುವ ಈ ಸುದ್ದಿಯಷ್ಟು ಬಿಸಿಯಾದ ಹಾಳೆ ಕಡತದಲ್ಲಿ ಒಂದೂ ಇರಲಿಲ್ಲ. ಮೊದಲು ಹೋದವನ ಗತಿ ಏನು ಎಂದು ಕೇಳಿದರೆ ಮೋಡ ಆ ಪ್ರಶ್ನೆಗೆ ಉತ್ತರಿಸಲಿಲ್ಲ. ಅದರ ಬುಡ ಆಗಲೇ ತೆಳ್ಳಗಾಗುತ್ತಿತ್ತು.

‘ಇಷ್ಟೇನಾ ಸಂದರ್ಶನ?’ ಎಂದರು ಪ್ರತಿನಿಧಿ.

‘ನನ್ನಿಂದ ಇಳದ ತಣ್ಣನ ಗಾಳಿ ಮಸ್ಕಿ ಕಡಿ ಹೋಗೈತಿ. ಅಲ್ಲಿಯ ಬಿಸಿಗಾಳಿ ಮ್ಯಾಲ ಎತ್ತಾಕತ್ತೈತಿ, ಅಲ್ಲೊಬ್ಬ ಹೊಸಬ ಹುಟ್ಟಾಕತ್ಯಾನ. ಅವನನ್ನ ಕೇಳೂದಿದ್ರ ಈಗಲೇ ಗಾಡಿ ಹೊಡಿ. ಮುಂದಿನ ಮೆಟಾರ್ ಬಂದ ಮ್ಯಾಲ ಹೋಗೋಣಂದ್ರ ಅವನೂ ಇರಂಗಿಲ್ಲ.’