ರಾಹುಕಾಲ ಮುಗಿದ ಮೇಲೆ ಕಪ್ಪುಕುಳಿ

ವಿಜ್ಞಾನಿಗಳನ್ನು ಜನಸಾಮಾನ್ಯರ ಹತ್ತಿರ ಕರೆತರುತ್ತೇವೆ ಎಂದು ಟೊಂಕ ಕಟ್ಟಿದ ಸೇವಾ ಸಂಘಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಅಧ್ಯಕ್ಷರು ನಿವೃತ್ತ ಚೀಫ್ ಎಂಜಿನಿಯರ್, ಕಾರ್ಯದರ್ಶಿಗಳದು ಸೈಟು ವ್ಯವಹಾರ, ಖಜಾಂಚಿ ಆಡಿಟರ್. ಸದಸ್ಯರ ಪಟ್ಟಿಯಲ್ಲಿ ವಿಜ್ಞಾನಿ ಇರುವುದಿಲ್ಲ, ಅವರು ಮುಖ್ಯ ಅತಿಥಿಗಳು. ಜನಸಾಮಾನ್ಯರೂ ಇರುವುದಿಲ್ಲ, ಅವರು ಕುರ್ಚಿ ತುಂಬಲು ಬೇಕಾದವರು. ಉಳಿದಂತೆ ಲೆಟರ್‌ಹೆಡ್ಡಿದೆ, ಬ್ಯಾನರಿದೆ, ಬ್ಯಾಡ್ಜಿದೆ, ವಾಟ್ಸ್ಆ್ಯಪ್ ಗ್ರೂಪಿದೆ. ಆ ಗ್ರೂಪಿನಲ್ಲಿ ತಾಮ್ರದ ಚೊಂಬಿನ ನೀರು ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ಸಂದೇಶವೂ ದಿನಬೆಳಗಾದರೆ ಬಂದು ಬೀಳುತ್ತದೆ. ಕಳಿಸುವವರು ಹೆಚ್ಚಾಗಿ ಅಧ್ಯಕ್ಷರೇ.

ಇಂಥದೊಂದು ಸಂಘ ಒಂದು ಉಪನ್ಯಾಸ ಏರ್ಪಡಿಸುವ ಬಗೆ ನೋಡಬೇಕು. ವಿಷಯ ಕಪ್ಪುಕುಳಿ. ಬಡಾವಣೆಯ ಯಾರೂ ಕಪ್ಪುಕುಳಿ ಬೇಕೆಂದು ಅರ್ಜಿ ಹಾಕಿರಲಿಲ್ಲ. ರಸ್ತೆಯಲ್ಲಿ ಸಾಕಷ್ಟು ಗುಂಡಿಗಳಿದ್ದವು. ಆದರೂ ಅತಿಥಿಗಳು ಒಪ್ಪಿದ್ದು ಅದಕ್ಕೇ. ಭಾನುವಾರ ಸಂಜೆ ಐದಕ್ಕೆ ಎಂದು ಆಹ್ವಾನ ಪತ್ರಿಕೆಯ ಕರಡು ತಯಾರಾಯಿತು. ಆಗ ಯಾರೋ ಕ್ಯಾಲೆಂಡರ್ ತಿರುವಿ ಹಾಕಿದರು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. "ನನಗೇನೂ ಅದರಲ್ಲಿ ನಂಬಿಕೆ ಇಲ್ಲಪ್ಪ, ಆದ್ರೆ ಸುಮ್ನೆ ಯಾಕೆ" ಎಂದರು ಕಾರ್ಯದರ್ಶಿಗಳು. ಈ ನಾಡಿನ ವೈಚಾರಿಕತೆಯೆಲ್ಲ ಕೊನೆಗೆ ಬಂದು ಕೂರುವುದು ಇದೇ "ಸುಮ್ನೆ ಯಾಕೆ" ಎಂಬ ಕಟ್ಟೆಯ ಮೇಲೆ. ಕಾರ್ಯಕ್ರಮ ಆರೂ ಕಾಲಕ್ಕೆ ಹೋಯಿತು. ಕಾಲವೇ ಬಾಗುವ ಜಾಗದ ಬಗ್ಗೆ ಜೀವಮಾನವಿಡೀ ಲೆಕ್ಕ ಹಾಕಿದ ಅತಿಥಿಗಳು ಪಂಚಾಂಗಕ್ಕೂ ಬಾಗಿದರು. ಅವರಿಗೂ ಸುಮ್ನೆ ಯಾಕೆ.

ಮೊದಲು ಪ್ರಾರ್ಥನೆ. ಆಮೇಲೆ ದೀಪ. ಸಭಾಂಗಣದ ಫ್ಯಾನ್ ನಿಲ್ಲಿಸದ ಕಾರಣ ಗಾಳಿಗೂ ಬೆಂಕಿಗೂ ಇರುವ ಸಂಬಂಧದ ಬಗ್ಗೆ ಒಂದು ಪ್ರಾತ್ಯಕ್ಷಿಕೆ ಆಯಿತು. ಅಂದಿನ ಸಭೆಯಲ್ಲಿ ಎಲ್ಲರಿಗೂ ಅರ್ಥವಾದ ವಿಜ್ಞಾನ ಅದೊಂದೇ. ನಂತರ ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ. ಪರಿಚಯ ಮಾಡಿದವರು ಮೂರು ಪುಟದ ಬಯೋಡೇಟಾವನ್ನು ಪಿನ್‌ಕೋಡ್ ಸಮೇತ ಓದಿದರು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಸ್ಮರಣಿಕೆ ಕೊಡುವಾಗ ಫೋಟೋದೊಳಗೆ ನುಗ್ಗಿದವರು ಎಷ್ಟೆಂದರೆ ಸಭೆಯ ಅರ್ಧಭಾಗ ವೇದಿಕೆಯ ಮೇಲೆಯೇ ಇತ್ತು. ಏಳೂವರೆಗೆ ಅತಿಥಿಗಳ ಕೈಗೆ ಮೈಕು ಬಂದಾಗ ನಿರೂಪಕಿ ಕಿವಿಯಲ್ಲಿ ಪಿಸುಗುಟ್ಟಿದ್ದು: "ಸರ್, ಸಮಯದ ಅಭಾವ ಇದೆ, ಹದಿನೈದು ನಿಮಿಷದಲ್ಲಿ ಮುಗಿಸ್ಬೇಕು."

ಅತಿಥಿಗಳೂ ಕಡಿಮೆಯವರಲ್ಲ. ಕೇಂಬ್ರಿಡ್ಜಿನಲ್ಲಿ ತೋರಿಸಿದ್ದ ಸ್ಲೈಡುಗಳನ್ನೇ ತಂದಿದ್ದರು, ಒಂದಕ್ಷರ ಬದಲಿಸದೆ. "ಕನ್ನಡದಲ್ಲಿ ಇಂಥ ವಿಷಯ ಹೇಳೋದು ಕಷ್ಟ, ಕ್ಷಮಿಸಿ" ಎಂದು ಕನ್ನಡದಲ್ಲಿಯೇ ಹೇಳಿ ಇಂಗ್ಲಿಷಿಗೆ ಜಾರಿದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದ್ದರು. ಅವರಿಗೆ ಕಷ್ಟವಾಗದ್ದು ನೂರು ವರ್ಷ ದಾಟಿದ ಮೇಲೆ ಇವರಿಗೆ ಕಷ್ಟವಾಗಿದೆ. ಇದನ್ನು ಪ್ರಗತಿ ಎನ್ನುತ್ತಾರೆ.

ಪ್ರಶ್ನೋತ್ತರಕ್ಕೆ ಐದು ನಿಮಿಷ ಉಳಿಯಿತು. ಮೊದಲನೆಯವರು ಪ್ರಶ್ನೆ ಕೇಳಲಿಲ್ಲ, ಕಪ್ಪುಕುಳಿ ನಮ್ಮ ಋಷಿಗಳಿಗೆ ಮೊದಲೇ ಗೊತ್ತಿತ್ತು ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಅತಿಥಿಗಳು ನಸುನಕ್ಕು ತಲೆಯಾಡಿಸಿದರು. ಹೌದೆಂದರೋ ಅಲ್ಲವೆಂದರೋ ಯಾರಿಗೂ ತಿಳಿಯಲಿಲ್ಲ, ಅದೇ ಆ ತಲೆಯಾಟದ ಹೆಚ್ಚುಗಾರಿಕೆ. ಎರಡನೆಯವರು ಮಗನಿಗೆ ಇನ್‌ಸ್ಟಿಟ್ಯೂಟಿನಲ್ಲಿ ಸೀಟು ಸಿಗಲು ಯಾವ ಕೋಚಿಂಗ್ ಒಳ್ಳೆಯದು ಎಂದರು. ಮೂರನೆಯದಾಗಿ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದರು. "ಸರ್, ನಮ್ಮ ಬೋರಿನ ನೀರು ಕಾಯಿಸಿದ್ರೆ ಪಾತ್ರೆ ತಳದಲ್ಲಿ ಬೆಳ್ಳಗೆ ಸುಣ್ಣದ ಥರ ಕಟ್ಟುತ್ತೆ. ಮನೇಲಿ ಮೂರು ತಿಂಗಳ ಮಗು ಇದೆ. ಕಾಯಿಸಿ ಆರಿಸಿ ಕೊಟ್ರೆ ಸಾಕಾ?"

ಅಧ್ಯಕ್ಷರು ಮೈಕು ಕಸಿದುಕೊಂಡರು. "ಅಮ್ಮಾ, ಇವತ್ತಿನ ವಿಷಯಕ್ಕೆ ಸಂಬಂಧಪಟ್ಟ ಪ್ರಶ್ನೆ ಮಾತ್ರ."

ಆ ಸಂಜೆ ಸಭಾಂಗಣದಲ್ಲಿ ಕೇಳಿಬಂದ ಏಕೈಕ ವೈಜ್ಞಾನಿಕ ಪ್ರಶ್ನೆ ಅದು. ಗಮನಿಸಿದ್ದಾಳೆ, ಪುನರಾವರ್ತನೆ ಆಗುತ್ತದೆಂದು ಕಂಡುಕೊಂಡಿದ್ದಾಳೆ, ತಾನು ಮಾಡುತ್ತಿರುವುದು ಸರಿಯೇ ಎಂದು ಅನುಮಾನಿಸಿದ್ದಾಳೆ. ವಿಜ್ಞಾನ ಎಂದರೆ ಇನ್ನೇನು? ಉತ್ತರವೂ ಬ್ರಹ್ಮವಿದ್ಯೆಯಲ್ಲ. ತಳದಲ್ಲಿ ಕಟ್ಟುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ನೋಡಲು ಕೊಳಕು, ಹೆದರುವಂಥದ್ದಲ್ಲ. ಹೆದರಬೇಕಾದದ್ದು ಕಣ್ಣಿಗೆ ಕಾಣದ ನೈಟ್ರೇಟಿಗೆ. ಒಳಚರಂಡಿ ಸೋರಿ ಬೋರ್‌ವೆಲ್ಲಿಗೆ ಇಳಿದಲ್ಲಿ ಅದು ಇರುತ್ತದೆ. ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ಕುಡಿಯುವ ನೀರಿನ ಮಾನದಂಡ. ಹಸುಳೆಗಳ ರಕ್ತ ಆಮ್ಲಜನಕ ಹೊರದಂತೆ ಮಾಡುವ ಈ ಲವಣ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಫ್ಲೋರೈಡಿನದೂ ಇದೇ ಕತೆ. ಅಂದರೆ ಆ ತಾಯಿ ಒಳ್ಳೆಯದೆಂದು ಮಾಡುತ್ತಿರುವ ಕೆಲಸ ಕೆಟ್ಟದ್ದೇ ಇರಬಹುದು, ಪರೀಕ್ಷೆ ಮಾಡಿಸದೆ ಹೇಳಲಾಗದು. ಎರಡು ನಿಮಿಷದ ಮಾತು. ಆ ಎರಡು ನಿಮಿಷ ವಂದನಾರ್ಪಣೆಗೆ ಮೀಸಲಾಗಿತ್ತು. ಶಾಮಿಯಾನದವರಿಗೂ ಧ್ವನಿವರ್ಧಕದವರಿಗೂ ಹೆಸರು ಹಿಡಿದು ವಂದಿಸಲಾಯಿತು. ಉಪ್ಪಿಟ್ಟು, ಕೇಸರಿಬಾತ್.

ಸಂಘದವರನ್ನಷ್ಟೇ ಬೈದರೆ ಅನ್ಯಾಯ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆಯ ಮಾರ್ಗಸೂಚಿ ಹೊರಡಿಸಿತು. ವಿಜ್ಞಾನಿಯೊಬ್ಬರು ವರ್ಷಕ್ಕೆ ಕನಿಷ್ಠ 10 ದಿನ ಸಮಾಜಕ್ಕೆ ಕೊಡಬೇಕಂತೆ. ಸತ್ತ ಹಿರಿಯರಿಗೇ ನಾವು ಪಿತೃಪಕ್ಷದಲ್ಲಿ ಹದಿನೈದು ದಿನ ಎತ್ತಿಡುತ್ತೇವೆ, ಬದುಕಿರುವ ಸಮಾಜಕ್ಕೆ ಹತ್ತು. ಹೋಗಲಿ, ಹತ್ತಾದರೂ ಸಿಗಲಿ ಎಂದರೆ ಅದನ್ನು ತುಂಬಿಸುವ ದಾರಿ ಬಲು ಸುಲಭ. ಒಂದು ಸಂಘದ ಉಪನ್ಯಾಸ, ಒಂದು ಪ್ರಮಾಣಪತ್ರ, ಒಂದು ಫೋಟೋ. ಸಂಘಕ್ಕೆ ವಾರ್ಷಿಕ ವರದಿಯಲ್ಲಿ ಹಾಕಲು ವಿಜ್ಞಾನಿ ಸಿಕ್ಕರು, ವಿಜ್ಞಾನಿಗೆ ವಾರ್ಷಿಕ ವರದಿಯಲ್ಲಿ ಹಾಕಲು ಸಂಘ ಸಿಕ್ಕಿತು. ಬೆಸುಗೆ ಬಿಗಿಯಾಗಿಯೇ ಬಿದ್ದಿದೆ, ನಡುವೆ ಜನ ಮಾತ್ರ ಇಲ್ಲ.

ಒಂದು ಹಳೆಯ ಲೆಕ್ಕವೂ ಬಾಕಿ ಇದೆ. ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಶುರುವಾದಾಗ ನೆಲ ಬಂದದ್ದು ಮೈಸೂರು ಸಂಸ್ಥಾನದಿಂದ, 371 ಎಕರೆ. ಅಂದರೆ ಇಲ್ಲಿ ಸಮುದಾಯ ಮೊದಲು ಕೊಟ್ಟಿತು, ವಿಜ್ಞಾನ ಆಮೇಲೆ ಬಂತು. ಈಗ ವಿಜ್ಞಾನವನ್ನು ಸಮುದಾಯದ ಬಳಿಗೆ ಒಯ್ಯುತ್ತೇವೆ ಎಂದು ದಾನಶೂರರ ಧಾಟಿಯಲ್ಲಿ ಮಾತಾಡುವವರು ಯಾರ ನೆಲದ ಮೇಲೆ ನಿಂತಿದ್ದೇವೆಂದು ಒಮ್ಮೆ ಕೆಳಗೆ ನೋಡಬಹುದು.

ಹಾಗೆ ನೋಡಿದವರೂ ಅದೇ ಕ್ಯಾಂಪಸ್ಸಿನಲ್ಲಿ ಇದ್ದರು. ಅಮೂಲ್ಯ ರೆಡ್ಡಿ ವಿದ್ಯುತ್ ರಸಾಯನದಲ್ಲಿ ಹೆಸರು ಮಾಡಿದವರು. 1974ರಲ್ಲಿ 'ಅಸ್ತ್ರ' ಎಂಬ ಗುಂಪು ಕಟ್ಟಿ, ಗ್ರಾಮಗಳಿಗೆ ಬೇಕಾದ ತಂತ್ರಜ್ಞಾನ ಮಾಡುತ್ತೇವೆಂದು ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋದರು. "ಇದೂ ವಿಜ್ಞಾನವೇ?" ಎಂದು ಮೂಗು ಮುರಿದ ಸಹೋದ್ಯೋಗಿಗಳಿಗೆ ಕೊರತೆ ಇರಲಿಲ್ಲ. ರೆಡ್ಡಿಯವರ ಗುಂಪು ಮೊದಲು ಮಾಡಿದ್ದು ಉಪನ್ಯಾಸ ಅಲ್ಲ, ಲೆಕ್ಕ. ಒಂದು ಮನೆಗೆ ಎಷ್ಟು ಸೌದೆ ಬೇಕು, ಅದನ್ನು ತರಲು ಯಾರು ಎಷ್ಟು ದೂರ ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು. ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟುವ ಅಸ್ತ್ರ ಒಲೆ ಇಂಥ ಕೆಲಸದಿಂದ ಬಂದದ್ದು. ಒಲೆ ಊದಿ ಕಣ್ಣು ಕೆಂಪಾದ ಹೆಂಗಸರನ್ನು ನೋಡದೆ ಹಾಗೆ ಯೋಚಿಸಲು ಬಾರದು.

ಅದಕ್ಕಿಂತ ಸ್ವಾರಸ್ಯ ಪಕ್ಕದ ಪುರ ಎಂಬ ಪುಟ್ಟ ಹಳ್ಳಿಯದು. ಅಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು, ಮನೆಮನೆಗೆ ಅಡುಗೆ ಅನಿಲ ಕೊಡೋಣವೆಂದು. ವಿಜ್ಞಾನಿಗಳ ಲೆಕ್ಕದಲ್ಲಿ ಅದು ಘನ ಉದ್ದೇಶವೇ. ಆದರೆ ಊರಿನ ಸಗಣಿ ಎಲ್ಲರ ಒಲೆಗೂ ಸಾಲಲಿಲ್ಲ, ಊರಿನವರಿಗೂ ಅಷ್ಟೇನೂ ಉತ್ಸಾಹ ಹುಟ್ಟಲಿಲ್ಲ. ಏನು ಬೇಕು ಎಂದು ಕೇಳಿದಾಗ ಬಂದ ಉತ್ತರ ಕುಡಿಯುವ ನೀರು. ವಿಜ್ಞಾನಿಗಳು ತಮ್ಮ ಯೋಜನೆಯನ್ನು ಮಡಿಚಿಟ್ಟರು. ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಅದರ ರಾಡಿ ಗೊಬ್ಬರವಾಗಿ ವಾಪಸ್ಸು ಹೋಯಿತು. ಇಷ್ಟೆಲ್ಲ ನಡೆಯುವಾಗ ಯಾರಿಗೂ ಪೇಟ ತೊಡಿಸಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಸಂಘದವರು ಅಲ್ಲಿದ್ದಿದ್ದರೆ ನೀರು ಕೇಳಿದ ಹೆಂಗಸಿಗೆ, "ಅಮ್ಮಾ, ಇವತ್ತಿನ ವಿಷಯ ಅನಿಲ" ಎಂದಿರುತ್ತಿದ್ದರು.

ಉಪನ್ಯಾಸವೇ ತಪ್ಪು ಎಂದಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ಉಪನ್ಯಾಸವನ್ನೇ ಮಾಡುತ್ತ ಬಂತು. ವ್ಯತ್ಯಾಸ ಇಷ್ಟೇ, ಅಲ್ಲಿ ಹೋದವರು ಉಪನ್ಯಾಸ ಕೇಳಲು ಹೋಗುತ್ತಿದ್ದರು. ಮತ್ತು ಆ ಮನುಷ್ಯ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ, ಕೈಯಿಂದ ವಿಭೂತಿ ಉದುರಿಸುತ್ತಿದ್ದ ಸಾಯಿಬಾಬಾಗೂ ಬನ್ನಿ ಎಂದು ಪತ್ರ ಬರೆದವರು. "ಸುಮ್ನೆ ಯಾಕೆ" ಎನ್ನಲಿಲ್ಲ. ಈಗ ಅದೇ ಧೈರ್ಯವನ್ನು ಸೇವಾ ಸಂಘವೊಂದು ತೋರಿಸಿದರೆ ಮಾರನೇ ದಿನ ಪ್ರಾಯೋಜಕರು ಇರುವುದಿಲ್ಲ. ಚಂದ್ರಯಾನದ ಮಾದರಿಯನ್ನೇ ತಿರುಪತಿಗೆ ಒಯ್ದು ಬರುವ ವಿಜ್ಞಾನಿಗಳಿರುವಾಗ ಸೈಟು ವ್ಯವಹಾರದ ಕಾರ್ಯದರ್ಶಿಯಿಂದ ಏನು ನಿರೀಕ್ಷಿಸುವುದು?

ಜನರಿಗೆ ವಿಜ್ಞಾನದ ಹಸಿವಿಲ್ಲ ಎಂಬ ದೂರು ಅಧ್ಯಕ್ಷರ ಬಾಯಲ್ಲಿ ಸದಾ ಇರುತ್ತದೆ. ಕೋಲಾರಕ್ಕೆ ಹೋಗಿ ನೋಡಲಿ. ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಹರಿಸುವುದು 2018ರಲ್ಲಿ ಶುರುವಾದಾಗ ಕೆರೆಯಲ್ಲಿ ನೊರೆ ಎದ್ದಿತು. ಅಂದಿನಿಂದ ಅಲ್ಲಿನ ರೈತರು ಭಾರಲೋಹ, ಮೂರನೇ ಹಂತದ ಶುದ್ಧೀಕರಣ, ಅಂತರ್ಜಲ ಎಂದು ಯಾವ ಪಿಎಚ್.ಡಿ. ವಿದ್ಯಾರ್ಥಿಗೂ ಕಡಿಮೆಯಿಲ್ಲದಂತೆ ಮಾತಾಡುತ್ತಾರೆ, ಕೋರ್ಟಿನವರೆಗೂ ಹೋಗಿದ್ದಾರೆ. ಟೊಮೆಟೊ ತೋಟದಲ್ಲಿ ನಿಂತು ಈ ಪದಗಳನ್ನು ಕಲಿತದ್ದು ಹಸಿವಿಲ್ಲದೆಯೇ? ಬೆಂಗಳೂರಿನಲ್ಲೇ 2024ರ ಬೇಸಿಗೆಯಲ್ಲಿ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು, ಹತ್ತಿರಹತ್ತಿರ 7 ಸಾವಿರ, ಬತ್ತಿವೆ ಎಂದು ಸರ್ಕಾರವೇ ಹೇಳಿದಾಗ ಮನೆಮನೆಯಲ್ಲೂ ಭೂಗರ್ಭಶಾಸ್ತ್ರ ಚರ್ಚೆಯಾಗುತ್ತಿತ್ತು. ಆ ತಿಂಗಳೂ ಸಂಘದ ಕಾರ್ಯಕ್ರಮದ ಪಟ್ಟಿಯಲ್ಲಿ ನೀರು ಇದ್ದಿರಲಾರದು. ಇದ್ದರೆ ಮಂಗಳ ಗ್ರಹದಲ್ಲಿನ ನೀರು ಇದ್ದೀತು.

ಇನ್ನು ನಗಲಾಗದ ಒಂದು ಸಂಗತಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿಟ್ಟರು, ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ಗುಣವಾಗುತ್ತದೆಂದು. ಆ ಅಪ್ಪ ಅಮ್ಮಂದಿರನ್ನು ಮೂಢರೆಂದು ಬೈಯುವುದು ಬಹಳ ಸುಲಭ. ಗ್ರಹಣಕ್ಕೆ ಮೊದಲು ಆ ಊರಿಗೆ ಹೋಗಿ, ಮಗುವಿನ ಕಾಲಿಗೆ ಏನಾಗಿದೆ, ಏನು ಮಾಡಬಹುದು, ಏನು ಮಾಡಲಾಗದು ಎಂದು ಪಕ್ಕದಲ್ಲಿ ಕೂತು ಹೇಳಿದವರು ಯಾರಾದರೂ ಇದ್ದರೇ ಎಂಬುದು ಕಷ್ಟದ ಪ್ರಶ್ನೆ. ಮಣ್ಣಿನ ಮೇಲೆ ಅವರಿಗೆ ನಂಬಿಕೆ ಬಂದದ್ದು ಬೇರೆ ಯಾರೂ ಮನೆ ಬಾಗಿಲಿಗೆ ಬಾರದೆ ಹೋದದ್ದರಿಂದಲೂ ಇರಬಹುದು. ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ಪ್ರತಿ ಪ್ರಜೆಯ ಕರ್ತವ್ಯ ಎಂದಿದೆ. ಆ ಪ್ರತಿ ಪ್ರಜೆಯಲ್ಲಿ ಪೇಟ ತೊಟ್ಟವರೂ ತೊಡಿಸಿದವರೂ ಸೇರುತ್ತಾರೆ.

ಆದ್ದರಿಂದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಒಂದು ಅರಿಕೆ. ಮುಂದಿನ ಆಹ್ವಾನ ಪತ್ರಿಕೆ ಅಚ್ಚಿಗೆ ಕಳಿಸುವ ಮುನ್ನ ಬಡಾವಣೆಯ ಹತ್ತು ಮನೆಗಳ ಬಾಗಿಲು ತಟ್ಟಿ, ಏನು ತಿಳಿದುಕೊಳ್ಳಬೇಕು ಎಂದು ಕೇಳಿ. ಬಂದ ಪ್ರಶ್ನೆಗಳ ಪಟ್ಟಿ ಹಿಡಿದು ವಿಜ್ಞಾನಿಯ ಬಳಿ ಹೋಗಿ. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಗೊತ್ತಿಲ್ಲ ಎಂದು ಜನರೆದುರು ಹೇಳುವ ವಿಜ್ಞಾನಿಯನ್ನು ನೋಡುವ ಭಾಗ್ಯ ನಮಗೂ ಸಿಗಲಿ. ವೇದಿಕೆ ಬೇಡ, ಬೆಂಚು ಸಾಕು. ಶಾಲು, ಹಾರ, ಸ್ಮರಣಿಕೆಯ ದುಡ್ಡಿನಲ್ಲಿ ಕೆಲವು ಮನೆಗಳ ಬೋರಿನ ನೀರು ಪ್ರಯೋಗಾಲಯಕ್ಕೆ ಹೋಗುತ್ತದೆ. ಮೊದಲ ಬಾಟಲಿ ಆ ಮೂರು ತಿಂಗಳ ಮಗುವಿನ ಮನೆಯದಿರಲಿ. ಉಪ್ಪಿಟ್ಟು ಇರಲಿ, ಅದರ ಬಗ್ಗೆ ಯಾರದೂ ತಕರಾರಿಲ್ಲ.